ಬುಡ ನಿನ್ನದು

ಬೈರಯ್ಯ ಉಗುರಿನಿಂದ ತೊಗಟೆ ಕೆರೆದು ನೋಡಿದ. ಹಸಿರಿನ ಸುಳಿವಿಲ್ಲ. ಒಂದು ಗೇಣು ಮೇಲೆ ಕೆರೆದ. ಅಲ್ಲೂ ಒಣಸೌದೆಯ ಬಣ್ಣವೇ. ಕಡಿಯಲೆಂದೇ ಮರ ಹತ್ತಿದ ದಿನ ಹೀಗೆ ಜೀವ ಹುಡುಕುವುದು ಹುಚ್ಚುತನವೆಂದು ಅವನಿಗೂ ಗೊತ್ತಿತ್ತು. ಆದರೂ ಕೈ ಮಾತು ಕೇಳಲಿಲ್ಲ.

"ಭಾವ, ಅಲ್ಲೇನ್ ಹುಡುಕ್ತಾ ಇದೀರಾ? ಬಿಸ್ಲು ಏರ್ತು," ಎಂದು ಕೆಳಗಿನಿಂದ ಕಿಟ್ಟಿ ಕೂಗಿದ.

"ಏನಿಲ್ಲ ಕಣೋ. ಹಗ್ಗ ಎಳ್ಕೋ."

ಸೊಂಟದಿಂದ ಹೊರಟ ಹಗ್ಗ ಮೇಲಿನ ಕವಲನ್ನು ಬಳಸಿ ಕೆಳಗಿಳಿದು ಕಿಟ್ಟಿಯ ಕೈ ಸೇರಿತ್ತು. ಸಡಿಲವಾಗಿದ್ದುದು ಬಿಗಿಯಾಯಿತು. ಹದಿನೆಂಟು ವರ್ಷದಿಂದ ಆ ಬಿಗಿ ಸೊಂಟಕ್ಕೆ ತಾಗಿದ ಮೇಲೆಯೇ ಬೈರಯ್ಯ ಮುಂದಿನ ಹೆಜ್ಜೆ ಇಡುವುದು. ಕಿಟ್ಟಿ ಅವನ ಹೆಂಡತಿ ಗಂಗಲಕ್ಷ್ಮಮ್ಮನ ತಮ್ಮ. ಹಗ್ಗದ ಆ ತುದಿ ಯಾರ ಕೈಯಲ್ಲಿದೆ ಎಂದು ತಿರುಗಿ ನೋಡುವ ಅಭ್ಯಾಸವೇ ಅವನಿಗೆ ಇರಲಿಲ್ಲ.

ಬಸವೇಶ್ವರನಗರದ ಆ ಮನೆ ಸತ್ಯವತಿಯವರದು. ಮಿಡ್ಲ್ ಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಗೃಹಪ್ರವೇಶದ ವರ್ಷ ತಾವೇ ನೆಟ್ಟ ನೇರಳೆ ಗಿಡ ಮನೆಗಿಂತ ಎತ್ತರ ಬೆಳೆದಾಗ, ಯಾರೋ ಹೇಳಿ ಹೇರೋಹಳ್ಳಿಯಿಂದ ಬೈರಯ್ಯನನ್ನು ಕರೆಸಿದ್ದರು. ಆಮೇಲೆ ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅವನು ಬರುವುದು, ಒಣಗಿದ್ದನ್ನು ತೆಗೆದು ಗಾಳಿ ಆಡುವಂತೆ ಕೊಂಬೆ ಬಿಡಿಸಿ ಹೋಗುವುದು ನಡೆದೇ ಇತ್ತು. ಗೇಟಿನ ಸದ್ದಾದರೆ ಅವರು ಒಳಗಿನಿಂದಲೇ, "ಡಾಕ್ಟ್ರು ಬಂದ್ರು, ಕಾಫಿ ಇಡ್ಬೇಕು," ಎನ್ನುತ್ತಿದ್ದರು. ಮರ ಕಡಿಯುವವರು ಊರ ತುಂಬ ಇದ್ದಾರೆ. ಡಾಕ್ಟರು ಅನ್ನಿಸಿಕೊಳ್ಳುವವನು ತಾನೊಬ್ಬನೇ ಎಂಬುದು ಬೈರಯ್ಯನ ಎದೆಯೊಳಗಿನ ಸಣ್ಣ ಹೆಮ್ಮೆ.

ಈ ಸಲ ಆ ಡಾಕ್ಟರಿಗೆ ರೋಗ ಸಿಕ್ಕಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಎಲೆ ಹಳದಿಯಾಗತೊಡಗಿತು. ಅವನು ಮೂರು ತಿಂಗಳು ಹತ್ತಿ ಇಳಿದ. ಒಣಗುತ್ತಿದ್ದ ರೆಂಬೆಗಳನ್ನು ತೆಗೆದು, ಗಾಯಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹಚ್ಚಿದ. ಯುಗಾದಿಗೆ ಚಿಗುರುತ್ತದೆ ಎಂದು ಸತ್ಯವತಿಯವರಿಗೆ ಮಾತು ಕೊಟ್ಟ. ಯುಗಾದಿ ಬಂತು, ಹೋಯಿತು. ಬೀದಿಯ ಹೊಂಗೆಗಳೆಲ್ಲ ತಳಿರು ಬಿಟ್ಟು ನಿಂತರೂ ನೇರಳೆ ಮಾತ್ರ ಬರಿಗೈಯಲ್ಲಿ ನಿಂತಿತ್ತು. ಸತ್ತ ಮರವಾದ್ದರಿಂದ ಕಡಿಯಲು ಅನುಮತಿ ಬೇಗ ಸಿಕ್ಕಿತು. ಹಿಂದಿನ ದಿನ ಸಂಜೆ ಅವನೊಬ್ಬನೇ ಬಂದು ಕಾಂಡಕ್ಕೆ ಅರಿಶಿನ ಕುಂಕುಮ ಇಟ್ಟು, "ಈ ಮರದಲ್ಲಿರೋರೆಲ್ಲ ಬೇರೆ ಕಡೆ ಹೋಗ್ರಪ್ಪಾ, ನಾಳೆ ಕೊಡ್ಲಿ ಬೀಳ್ತದೆ," ಎಂದು ಹೇಳಿ ಹೋಗಿದ್ದ.

ಹನ್ನೊಂದು ಗಂಟೆಯ ಹೊತ್ತಿಗೆ ಕೊಂಬೆಗಳೆಲ್ಲ ಕೆಳಗಿಳಿದವು. ಪಕ್ಕದ ಮನೆಯ ಶೀಟಿನ ಮೇಲೆ ಬಾಗಿದ್ದ ನಡುಗೊಂಬೆಯೊಂದು ಉಳಿಯಿತು. ಅದನ್ನು ಕಾಫಿ ಕುಡಿದು ತೆಗೆಯೋಣವೆಂದು ಬೈರಯ್ಯ ಇಳಿದ.

ಅಷ್ಟರಲ್ಲಿ ಪಕ್ಕದ ಮನೆಯ ಪಂಚಾಕ್ಷರಿ ಕಾಂಪೌಂಡಿನ ಆಚೆ ಬಂದು ನಿಂತಿದ್ದರು. ಕೆಂಗೇರಿ ಕಡೆ ಕಟ್ಟಡ ಕಟ್ಟಿಸಿ ಮಾರುವವರು. ಬೇಸಿಗೆ ಬಂದರೆ ನೇರಳೆ ಹಣ್ಣು ಬಿದ್ದು ತಮ್ಮ ಬಿಳಿ ಕಾರು ನೀಲಿಯಾಗುತ್ತದೆಂದು ವರ್ಷ ವರ್ಷವೂ ಗೊಣಗುತ್ತಿದ್ದವರು.

"ಏನ್ ಮೇಡಂ, ಈ ವರ್ಷ ನಮ್ ಕಾರಿಗೆ ಹೋಳಿ ಇಲ್ಲ ಬಿಡಿ," ಎಂದು ನಕ್ಕರು.

"ಹಣ್ಣು ತಿನ್ನೋವಾಗ ಕಾರಿನ ನೆನಪು ಬರ್ತಿರ್ಲಿಲ್ಲ ನಿಮ್ಗೆ. ಪಾತ್ರೆ ತಗೊಂಡು ಬರ್ತಿದ್ರಿ," ಎಂದರು ಸತ್ಯವತಿ.

ಪಂಚಾಕ್ಷರಿ ಅದನ್ನು ಕೇಳಿಸಿಕೊಳ್ಳದವರಂತೆ ಕಿಟ್ಟಿಯ ಕಡೆ ತಿರುಗಿದರು. "ಸೋಮವಾರ ಕೆಂಗೇರಿ ಸೈಟಿಗೆ ಬಂದ್ಬಿಡಪ್ಪಾ. ಅಲ್ಲಿ ಹತ್ ಹನ್ನೆರಡು ಮರ ಇದೆ. ಹೇಳಿದ್ನಲ್ಲ."

ಕಿಟ್ಟಿಯ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು. ಬೈರಯ್ಯ ಅವನ ಮುಖ ನೋಡಿದ.

"ಯಾವ್ ಸೈಟೋ?"

"ಆಮೇಲ್ ಹೇಳ್ತೀನಿ ಭಾವ."

ಸತ್ಯವತಿ ಮರದ ಹತ್ತಿರ ಬಂದು ಕಾಂಡದ ಮೇಲೆ ಅಂಗೈ ಇಟ್ಟರು. "ಬೈರಯ್ಯ, ಒಂದು ಕೆಲ್ಸ ಮಾಡಿಕೊಡಿ. ಬುಡದ ಹತ್ರ ಅಗಲ ಇದೆಯಲ್ಲ, ಅಲ್ಲಿಂದ ಒಂದು ತುಂಡು ತೆಗೆದು ಕೊಡಿ. ಕೂತ್ಕೊಳ್ಳೋಕೆ ಮಣೆ ಮಾಡಿಸ್ತೀನಿ. ಮರ ಅಂತೂ ಇಲ್ಲ, ಮಣೆ ಆದ್ರೂ ಇರ್ಲಿ."

"ಬುಡ ಬೇಡ ಆಂಟಿ," ಎಂದ ಕಿಟ್ಟಿ, ಕೇಳಿ ಮುಗಿಯುವ ಮೊದಲೇ. "ಮಣ್ಣು, ಕಲ್ಲು ಇರುತ್ತೆ. ಮೆಷಿನ್ ಚೈನು ಹೋಗುತ್ತೆ. ಎರಡು ಅಡಿ ಬಿಟ್ಟು ಮೇಲೆ ಕುಯ್ಯೋಣ."

"ಮಣ್ಣು ಬಿಡಿಸಿದ್ರೆ ಆಯ್ತಲ್ಲೋ," ಎಂದು ಬೈರಯ್ಯ ಗುದ್ದಲಿಗೆ ಕೈ ಹಾಕಿದ.

"ನಾನ್ ಮಾಡ್ತೀನಿ ಬಿಡಿ ಭಾವ. ಬುಡ ನಂದಲ್ವಾ."

ಅದು ಅವರಿಬ್ಬರ ನಡುವಿನ ಕಟ್ಟು. ಮೇಲಿನದು ಬೈರಯ್ಯನದು, ಬುಡ ಕಿಟ್ಟಿಯದು. ಕಿಟ್ಟಿಯ ಅಪ್ಪ ತೆಂಗಿನಮರದಿಂದ ಬಿದ್ದು ತೀರಿಹೋದವನು. ಮಗ ಭಾವನ ಕಸುಬಿಗೆ ಸೇರಿದ ದಿನ ಅವನ ತಾಯಿ ಬೈರಯ್ಯನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, ನನ್ನ ಮಗನನ್ನು ಮರ ಹತ್ತಿಸಬೇಡ ಎಂದು ಆಣೆ ಮಾಡಿಸಿಕೊಂಡಿದ್ದಳು. ಅಂದಿನಿಂದ ಪಾತಿ ಬಿಡಿಸುವುದು, ಗೊಬ್ಬರ ಹಾಕುವುದು, ಹುಳು ಕೊರೆದ ತೂತಿಗೆ ಮದ್ದು ತುಂಬಿ ಮುಚ್ಚುವುದು ಎಲ್ಲ ಕಿಟ್ಟಿಯ ಪಾಲು. ಬೈರಯ್ಯ ಒಮ್ಮೆಯೂ ಬಗ್ಗಿ ಅವನ ಕೆಲಸ ನೋಡಿದವನಲ್ಲ. ನೋಡಿದರೆ ನಂಬಿಕೆ ಇಲ್ಲವೆಂದು ಆದೀತು ಎಂಬ ಅಳುಕು. ಈ ಮೂರು ತಿಂಗಳಲ್ಲಿ ಎರಡು ಸಲ, "ಬುಡ ಹೆಂಗಿದೆಯೋ?" ಎಂದು ಮೇಲಿನಿಂದ ಕೇಳಿದ್ದ. ಎರಡು ಸಲವೂ, "ಕಲ್ಲಿದ್ದಂಗಿದೆ ಭಾವ, ನೀವು ಆ ಕೊಂಬೆ ನೋಡಿ," ಎಂದು ಕಿಟ್ಟಿ ಕೈ ತೋರಿಸಿದ್ದ.

ಇಂದು ಗುದ್ದಲಿ ಆಗಲೇ ಬೈರಯ್ಯನ ಕೈಯಲ್ಲಿತ್ತು. ಅಲ್ಲದೆ ಕೆಂಗೇರಿಯ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಅವನು ಕೂತು ಮಣ್ಣು ಬಿಡಿಸಿದ.

ನೆಲದಿಂದ ಒಂದು ಗೇಣು ಕೆಳಗೆ, ಬೇರು ಹೊರಡುವ ಜಾಗದಲ್ಲಿ, ತೊಗಟೆಗಿಂತ ಕೆಂಪಾದ ಬೊಟ್ಟು ಕಂಡಿತು. ಇನ್ನೊಂದಿಷ್ಟು ಬಿಡಿಸಿದರೆ ಇನ್ನೊಂದು. ಕಾಂಡವನ್ನು ಸುತ್ತಿ ಬಂದರೆ ಒಟ್ಟು ಏಳು. ಕೆಮ್ಮಣ್ಣು, ಸಗಣಿ, ಮೇಣ ಸೇರಿಸಿ ನಾದಿ ಮಾಡಿದ ಮುಚ್ಚಳ. ಹುಳು ಕೊರೆದ ಮರಕ್ಕೆ ಅವನೇ ಕಲಿಸಿದ ಮದ್ದಿನ ಮುಚ್ಚಳ. ಈ ಮರಕ್ಕೆ ಹುಳು ಬಂದಿರಲಿಲ್ಲ. ಉಳಿಯ ತುದಿಯಿಂದ ಒಂದನ್ನು ಎಬ್ಬಿಸಿದ. ತೂತು ಕಿರುಬೆರಳಿನಷ್ಟು ಅಗಲವಾಗಿ, ಒಳಕ್ಕೆ ಇಳಿಜಾರಾಗಿ, ಡ್ರಿಲ್ಲಿನಲ್ಲಿ ಕೊರೆದಂತೆ ನುಣ್ಣಗಿತ್ತು. ಒಳಗಿನ ಮರ ಇದ್ದಲಿನ ಹಾಗೆ ಕಪ್ಪು. ಕಳೆ ಸಾಯಿಸುವ ಔಷಧಿಯ ವಾಸನೆ ಮೂಗಿಗೆ ಹೊಡೆಯಿತು.

ಅವನು ಮುಚ್ಚಳವನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದ. ಹೆಬ್ಬೆರಳಿನಿಂದ ಒತ್ತಿ ನುಣುಪು ಮಾಡಿದ ಗುರುತು ಮೇಣದಲ್ಲಿ ಗಟ್ಟಿಯಾಗಿ ಕೂತಿತ್ತು. ಆ ಗುರುತಿನ ನಡುವೆ ಓರೆಯಾಗಿ ಒಂದು ಗೀರು.

ಆ ಗೀರಿನ ಪರಿಚಯ ಅವನಿಗೆ ಚೆನ್ನಾಗಿತ್ತು. ಆರು ವರ್ಷದ ಹಿಂದೆ ಜ್ಞಾನಭಾರತಿಯ ಹತ್ತಿರ ಒಂದು ಮಳೆಮರದ ಮೇಲೆ ಅವನ ಕಾಲು ಜಾರಿತ್ತು. ಹಗ್ಗಕ್ಕೂ ಕಾಂಡಕ್ಕೂ ನಡುವೆ ಹೆಬ್ಬೆರಳು ಸಿಕ್ಕಿ ಜಜ್ಜಿಹೋದರೂ ಕಿಟ್ಟಿ ಕೈ ಬಿಟ್ಟಿರಲಿಲ್ಲ. ಗಾಯ ಮಾಗಿದ ಮೇಲೂ ಬೆರಳ ತುದಿಯಲ್ಲಿ ಓರೆ ಸೀಳು ಉಳಿಯಿತು. ಹಬ್ಬ ಹುಣ್ಣಿಮೆಯಲ್ಲಿ ಗಂಗಲಕ್ಷ್ಮಮ್ಮ ತಮ್ಮನ ಆ ಬೆರಳನ್ನು ಹಿಡಿದು, "ನನ್ ತಾಳಿ ಉಳಿಸಿದ ಬೆರಳು," ಎಂದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಸತ್ಯವತಿ ಲೋಟಗಳನ್ನು ಒಳಗೆ ಒಯ್ದಿದ್ದರು. ಪಂಚಾಕ್ಷರಿಯ ತಲೆ ಕಾಂಪೌಂಡಿನ ಆಚೆ ಕಾಣುತ್ತಿರಲಿಲ್ಲ.

"ಯಾವತ್ತೋ?" ಎಂದ ಬೈರಯ್ಯ, ತಲೆ ಎತ್ತದೆ.

ಕಿಟ್ಟಿ ತೆರೆದ ಬುಡವನ್ನು ನೋಡಿದ. ಎರಡನೆಯ ಸಲ ಕೇಳಿಸಿಕೊಳ್ಳುವವರೆಗೆ ಕಾಯಲಿಲ್ಲ. "ಸಂಕ್ರಾಂತಿಗೆ ಮುಂಚೆ. ನೀವು ಜ್ವರ ಬಂದು ಮಲ್ಗಿದ್ರಲ್ಲ, ಆವಾಗ."

"ಅಮ್ಮಾವ್ರು ಮನೇಲಿರ್ಲಿಲ್ವಾ?"

"ಇದ್ರು. ಬೇರಿಗೆ ಮದ್ದು ಹಾಕ್ತೀನಿ ಅಂದೆ. ಗೇಟ್ ತೆಗೆದ್ರು."

"ಕಾಫಿ ಕೊಟ್ರಾ?"

ಕಿಟ್ಟಿ ಮಣ್ಣಿನ ಹೆಂಟೆಯೊಂದನ್ನು ಕಾಲಿನಿಂದ ಒತ್ತಿ ಪುಡಿ ಮಾಡಿದ.

"ಮೂರ್ ತಿಂಗ್ಳು ನಾನು ಮೇಲೆ ಹತ್ತಿ ಹುಡುಕ್ದೆ ಕಣೋ. ಎಲೆ ಎಲೆ ತಿರುವಿ ನೋಡ್ದೆ. ನೀನು ಕೆಳಗೆ ನಿಂತು ಹಗ್ಗ ಹಿಡ್ಕೊಂಡಿದ್ದೆ."

"ಹಗ್ಗ ಸರಿಯಾಗೇ ಹಿಡ್ದಿದೀನಿ ಭಾವ. ಅದರಲ್ಲಿ ಒಂದ್ ದಿನ ತಪ್ಪು ಹೇಳಿ ನೋಡೋಣ." ಕಿಟ್ಟಿಯ ದನಿ ಏರಿ ಮತ್ತೆ ಇಳಿಯಿತು. "ಹದಿನೆಂಟು ವರ್ಷ ಆಯ್ತು. ಎಲ್ಲಿ ಹೋದ್ರೂ ಬೈರಯ್ಯನ ಜೊತೆ ಬಂದಿರೋನು ಅಂತಾರೆ, ನನ್ ಹೆಸ್ರು ಯಾರಿಗೂ ಗೊತ್ತಿಲ್ಲ. ಒಂದ್ ದಿನ ಮರ ಹತ್ತು ಅಂದ್ರಾ ನೀವು? ಪಂಚಾಕ್ಷರಿ ಸಾರ್ ಸೈಟಿನ ಮರದ ಕೆಲ್ಸ ಎಲ್ಲಾ ನಿಂಗೇ ಅಂದ್ರು. ಇದೊಂದು ಮಾಡ್ಕೊಡು ಅಂದ್ರು. ಒಂದ್ ಮರ ತಾನೇ ಭಾವ. ವರ್ಷಕ್ಕೆ ಎಷ್ಟು ಕಡೀತೀವಿ ನಾವು."

ನಿಮ್ಮಮ್ಮನ ತಲೆ ಮುಟ್ಟಿದ್ದೆ ಕಣೋ ಎಂಬ ಮಾತು ಬೈರಯ್ಯನ ನಾಲಿಗೆಯ ತುದಿಗೆ ಬಂತು. ಇಷ್ಟು ವರ್ಷ ಅದನ್ನು ಅವನು ಕಿಟ್ಟಿಗೆ ಹೇಳಿರಲಿಲ್ಲ. ಹೇಳಬೇಡವೆಂದು ಅವಳೇ ಕೇಳಿಕೊಂಡಿದ್ದಳು. ಈಗಲೂ ಹೇಳಲಿಲ್ಲ. ಮುಚ್ಚಳವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ.

ಸತ್ಯವತಿ ಹೊರಗೆ ಬಂದರು. ಬಿಡಿಸಿದ ಮಣ್ಣನ್ನು ನೋಡಿದರು, ಇಬ್ಬರ ಮುಖವನ್ನೂ ನೋಡಿದರು. "ಏನಾಯ್ತು? ರೋಗ ಸಿಕ್ತಾ ಡಾಕ್ಟ್ರೇ?"

"ಸಿಕ್ತು ಅಮ್ಮ. ಬುಡದಲ್ಲಿತ್ತು." ಅವನು ಜೇಬಿನಿಂದ ಮುಚ್ಚಳ ತೆಗೆದು ಅವರ ಕೈಗಿಟ್ಟ. "ಯಾರೋ ಕೊರೆದು ವಿಷ ಹಾಕಿದಾರೆ. ಯಾರು ಅಂತ ಅವನ್ನ ಕೇಳಿ, ಹೇಳ್ತಾನೆ. ನಾನು ಬುಡ ನೋಡ್ಲೇ ಇಲ್ಲ. ಅದು ನನ್ ತಪ್ಪು."

ಸತ್ಯವತಿ ಮುಚ್ಚಳವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆಮೇಲೆ ಕಿಟ್ಟಿಯ ಕಡೆ ನೋಡಿದರು. ಮಗ್ಗಿ ಮರೆತ ಹುಡುಗನೆದುರು ಕಾಯುವವರ ಹಾಗೆ ಸುಮ್ಮನೆ ನಿಂತರು. ಕಿಟ್ಟಿ ತಲೆ ತಗ್ಗಿಸಿದ.

"ಬುಡದ ಹಲಗೆ ಬೇಡ ಅಮ್ಮ, ಒಳಗೆಲ್ಲ ಕಪ್ಪಾಗಿದೆ. ಮೇಲಿಂದ ನೋಡಿ ಕೊಡ್ತೀನಿ," ಎಂದು ಬೈರಯ್ಯ ಹಗ್ಗದ ಹತ್ತಿರ ಹೋದ.

ನಡುಗೊಂಬೆ ಇನ್ನೂ ಬಾಕಿಯಿತ್ತು. ಅವನು ಉದ್ದದ ಹಗ್ಗವನ್ನು ಪೂರ್ತಿ ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡ. ಗಿಡ್ಡ ಹಗ್ಗವೊಂದನ್ನು ಸೊಂಟಕ್ಕೂ ಕಾಂಡಕ್ಕೂ ತಾನೇ ಬಿಗಿದುಕೊಂಡು, ಪ್ರತಿ ಹೆಜ್ಜೆಗೂ ಅದನ್ನು ಬಿಚ್ಚಿ ಮೇಲಕ್ಕೆ ಸರಿಸಿ ಮತ್ತೆ ಬಿಗಿದು, ಹೊಸಬನ ಹಾಗೆ ನಿಧಾನವಾಗಿ ಹತ್ತಿದ. ಮೇಲೆ ಹೋಗಿ ಕೈಗರಗಸ ತೆಗೆದ. ಹಗ್ಗ ಹಿಡಿಯುವವರಿದ್ದರೆ ಕಾಲು ಗಂಟೆಯಲ್ಲಿ ಇಡೀ ಕೊಂಬೆ ಕೆಳಗಿಳಿಯುತ್ತಿತ್ತು. ಅವನು ತುದಿಯಿಂದ ಮೊಳದುದ್ದ ಕುಯ್ದ. ತುಂಡನ್ನು ಒಂದು ಕೈಯಲ್ಲಿ ಹಿಡಿದು, ಶೀಟಿಗೆ ತಾಗದಂತೆ ಅಂಗಳದ ಕಡೆಗೆ ಎಸೆದ. ಮತ್ತೆ ಮೊಳದುದ್ದ ಕುಯ್ದ.

ಕೆಳಗೆ ಕಿಟ್ಟಿ ಎಂದಿನ ಜಾಗದಲ್ಲಿ, ಎಂದಿನಂತೆ ಒಂದು ಕಾಲು ಮುಂದಿಟ್ಟು, ಕವಲಿನ ಕಡೆ ಮುಖ ಎತ್ತಿ ನಿಂತಿದ್ದ. ಹಗ್ಗ ಇಳಿದು ಬರುವ ಕಡೆಗೆ ಎರಡೂ ಅಂಗೈ ತೆರೆದೇ ಇದ್ದವು.