ತಂಗಿಯ ಹೆಸರಿನ ರಕ್ತ

ನಾವಿಬ್ಬರೂ ಅಕ್ಕತಂಗಿಯರು, ಹುಣಸಗಿ ಹತ್ತಿರದ ಒಂದೇ ಮನೆಗೆ ಸೊಸೆಯರಾಗಿ ಬಂದವರು. ಕಾಲುವೆ ಬಂದ ಮೇಲೆ ನಮ್ಮ ಜೋಳದ ಹೊಲ ಗದ್ದೆಯಾಯಿತು. ಮನೆಯವರೆಲ್ಲ ಅನ್ನಕ್ಕೆ ಹೊರಳಿದರೂ ತಂಗಿ ಕರೆಮ್ಮ ಮಾತ್ರ ಜೋಳದ ರೊಟ್ಟಿ ಬಿಡಲಿಲ್ಲ. ಅಂಥವಳು ಈ ವರ್ಷ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಕಿವುಚಿ ನುಂಗತೊಡಗಿದಳು. ಎದೆಯಲ್ಲಿ ತುತ್ತು ಅಡ್ಡ ನಿಲ್ಲುತ್ತದೆ ಎಂದಳು.

ಅದೇ ಹೊತ್ತಿಗೆ ಊರ ಶಾಲೆಗೆ ರಕ್ತ ಪರೀಕ್ಷೆಯವರು ಬಂದರು. ಅನ್ನನಾಳದ ಕ್ಯಾನ್ಸರ್ ಬಲಿಯುವ ಮೊದಲೇ ರಕ್ತದಲ್ಲಿ ಕೆಲವು ಪ್ರೋಟೀನುಗಳು ಏರುತ್ತವಂತೆ, ಅವನ್ನು ಗುರುತು ಹಿಡಿಯುವ ಹೊಸ ಪರೀಕ್ಷೆಯಂತೆ. ನುಂಗಲು ಕಷ್ಟವಿದ್ದವರ ಪಟ್ಟಿಯಲ್ಲಿ ಕರೆಮ್ಮನ ಹೆಸರಿತ್ತು. ಕರೆ ಬಂದಾಗ ಅವಳು ಹಿತ್ತಲಲ್ಲಿ ಅಡಗಿದ್ದಳು.

"ನಾ ಒಲ್ಲೆ ಅಕ್ಕಾ. ಐತಿ ಅಂದ್ರ ಅಂಜೇ ಸಾಯ್ತೀನಿ."

ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನನ್ನ ಬುದ್ಧಿ ಮೇಯಲು ಹೋಗುತ್ತದೆ. ಅವಳ ಆಧಾರ್ ಕಾರ್ಡ್ ಹಿಡಿದು, ಸೆರಗು ಹೊದ್ದು ನಾನೇ ಹೋಗಿ ಕುಳಿತೆ. ಆ ಫೋಟೋದಲ್ಲಿ ಯಾರು ಯಾರಂತಾದರೂ ಕಾಣುತ್ತಾರೆ. ನಾನಂತೂ ಕಲ್ಲು ತಿಂದು ಕರಗಿಸುವವಳು. ಏನೂ ಇಲ್ಲವೆಂಬ ಚೀಟಿ ಬಂದರೆ ಅವಳ ಅಂಜಿಕೆಯಾದರೂ ಇಳಿದೀತು ಎಂದುಕೊಂಡೆ.

ಆಮೇಲಿನ ಮೂರು ವಾರ ಮಂಪರಿನಲ್ಲಿ ಕಳೆದವು. ಕಾಲುವೆಗೆ ನೀರು ಬಿಟ್ಟಿದ್ದರು. ಮಧ್ಯಾಹ್ನ ದಂಡೆಯ ಮೇಲೆ ಕುಳಿತು ಕಣ್ಣು ಮುಚ್ಚಿದರೆ ಆ ನೀರು ನನ್ನೊಳಗೇ ಹರಿಯುತ್ತಿತ್ತು. ತೂಬಿನ ಬಾಯಲ್ಲಿ, ಎಂದೋ ತೀರಿಹೋದ ನಮ್ಮವ್ವ ನಿಂತು, ತೇಲಿಬರುವ ಸಣ್ಣ ಸಣ್ಣ ಕಾಳುಗಳನ್ನು ಮೊರದಲ್ಲಿ ಹಿಡಿದು ಕೇರುತ್ತಿದ್ದಳು. "ಯಾರವು ಯವ್ವಾ ಇವು?" ಎಂದು ಕೇಳಿದರೆ ಕೇರುತ್ತಲೇ ನನ್ನ ಮುಖ ನೋಡುತ್ತಿದ್ದಳು. ಎಚ್ಚರವಾದಾಗ ಭತ್ತದ ಮೇಲೆ ಬಿಸಿಲು ತೂಗುತ್ತಿರುತ್ತಿತ್ತು. ನನಗೆ ಏಕೋ ಹಿತವೆನಿಸುತ್ತಿತ್ತು.

ರಕ್ತ ತೆಗೆದಿದ್ದ ಮನ್ಸೂರಅಲಿ ಒಂದು ಬೆಳಿಗ್ಗೆ ಮನೆಗೇ ಬಂದ. ನೂರಾರು ತೋಳು ನೋಡಿದವನಿಗೆ ನನ್ನ ಮುಖ ನೆನಪಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ಕರೆಮ್ಮನ ಹೆಸರಿನ ಕಾಗದ ಬಿಚ್ಚಿದ.

"ಪ್ರೋಟೀನ್ ಬಾಳ ಏರ್ಯಾವ್ರಿ. ರೋಗ ಐತಿ ಅಂತ ಇದರ ಮ್ಯಾಲೇ ಹೇಳಾಕ ಬರಂಗಿಲ್ಲ. ನಾಳೆ ಯಾದಗಿರಿ ದವಾಖಾನಿಗಿ ಹೋಗಿ ಗಂಟಲದಾಗ ನಳಿಗಿ ಬಿಟ್ಟು ನೋಡಿಸ್ರಿ. ಇದ್ರೂ ಸುರುವಿನಾಗ ಸಿಕ್ಕಂಗ ಆಗ್ತದ."

ಕರೆಮ್ಮ ಗೋಡೆ ಹಿಡಿದು ಕುಸಿದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಅವಳು ಪರೀಕ್ಷೆಗಾದರೂ ಹೋಗುತ್ತಾಳೆ, ಬಾಯಿ ಬಿಟ್ಟರೆ ಮತ್ತೆ ಹಿತ್ತಲು ಸೇರುತ್ತಾಳೆ. ಆದರೆ ನನಗೆ ಬದುಕುವ ಆಸೆ ಇತ್ತು. ಇಷ್ಟೊಂದು ಇದೆಯೆಂದು ನನಗೇ ಗೊತ್ತಿರಲಿಲ್ಲ.

"ಆ ರಕ್ತ ಆಕಿದಲ್ಲ," ಎಂದೆ. "ನಂದು."

ಮನ್ಸೂರಅಲಿ ಬೈಯಲಿಲ್ಲ. ಕಾಗದದ ಮೇಲಿನ ಹೆಸರು ಹೊಡೆದುಹಾಕಿ ಕೇಳಿದ, "ನಿಮ್ಮ ಹೆಸರೇನ್ರಿ?"

ಗೀಟು ಬಿದ್ದ ತಂಗಿಯ ಹೆಸರನ್ನೇ ನಾನು ನೋಡುತ್ತಿದ್ದೆ. ಕರೆಮ್ಮ ನೆಲ ಬಿಟ್ಟು ಎದ್ದು ಬಂದಳು.

"ದೇವಕಮ್ಮ ಅಂತ ಬರೀರಿ. ನಮ್ಮಕ್ಕ," ಎಂದಳು. ಆಮೇಲೆ ಕುಪ್ಪಸದ ತೋಳು ಸರಿಸಿ ಅವನ ಎದುರು ಕುಳಿತಳು. "ನಂದೂ ತಗೋರಿ. ನಾಳೆ ಇಬ್ರೂ ಕೂಡೇ ಹೋಗ್ತೀವಿ."