ಹೂಳೆತ್ತುವ ಹಡಗಿನ ಇನ್ನೂರ ಎಂಬತ್ತಾರು ಚೂರು

ಆ ಡಬ್ಬಿ ಎಂಟು ವರ್ಷ ನಮ್ಮ ಬಟ್ಟೆ ಕಪಾಟಿನ ಮೇಲಿತ್ತು. ಅದರ ಸುತ್ತಲಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನೂ ನಾನು ಬಿಚ್ಚಿರಲಿಲ್ಲ. ಒಳಗಿದ್ದದ್ದು ಒಂದು ಹೂಳೆತ್ತುವ ಹಡಗಿನ ಮಾದರಿ. ಚೂರುಗಳನ್ನು ಒಂದೊಂದಾಗಿ ಅಂಟಿಸಿ, ಬಣ್ಣ ಹಚ್ಚಿ, ಮೊಳದುದ್ದದ ಹಡಗು ಮಾಡಿ ನಿಲ್ಲಿಸಬೇಕು. ಯುದ್ಧವಿಮಾನ, ಟ್ಯಾಂಕುಗಳ ಮಾದರಿ ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಬಂದರಿನ ಕೆಸರು ಬಾಚುವ ಹಡಗನ್ನು ಯಾರು ಕೇಳುತ್ತಾರೆ? ಇದನ್ನು ಮಾಡುತ್ತಿದ್ದ ಕಂಪನಿ ಮಾಡುವುದನ್ನು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ನನಗೆ ಬೇಕಾಗಿದ್ದದ್ದು ಇದೇ.

ನನ್ನ ಕೆಲಸ ಕೃತಕ ಹಲ್ಲುಗಳಿಗೆ ಬಣ್ಣ ಕೊಡುವುದು. ದಂತವೈದ್ಯರು ಕಳಿಸುವ ಅಚ್ಚಿಗೆ ತಕ್ಕಂತೆ ನಮ್ಮ ಲ್ಯಾಬಿನಲ್ಲಿ ಹಲ್ಲು ತಯಾರಾಗುತ್ತದೆ. ಪಕ್ಕದ ಹಲ್ಲಿನ ಹಳದಿ, ತುದಿಯ ನೀಲಿ ಛಾಯೆ, ಬುಡದ ಕಂದು ಎಲ್ಲ ಹೊಂದಬೇಕು. ಹೊಂದಿದರೆ ಯಾರ ಕಣ್ಣಿಗೂ ಅದು ಬೀಳುವುದಿಲ್ಲ. ಯಾರಾದರೂ ನೋಡಿ ಗುರುತಿಸಿದರೆ ನನ್ನ ಕೆಲಸ ಕೆಟ್ಟಿತೆಂದೇ ಲೆಕ್ಕ. ಇಪ್ಪತ್ತಾರು ವರ್ಷ ಹೀಗೆ ಯಾರೂ ಗಮನಿಸದಂಥ ಕೆಲಸ ಮಾಡಿದವಳಿಗೆ, ಮಾಡಿದ್ದನ್ನು ಮೇಜಿನ ಮೇಲೆ ನಿಲ್ಲಿಸಿ ನೋಡುವ ಆಸೆ ಹುಟ್ಟಿದರೆ ತಪ್ಪೇನು? ಅಡುಗೆಮನೆಯ ಪಕ್ಕದ ಸಾಮಾನು ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು ಒಂದು ಟ್ರಾಮ್, ಒಂದು ಅಗ್ನಿಶಾಮಕ ಲಾರಿ, ಎರಡು ಪುಟ್ಟ ವಿಮಾನ ಮಾಡಿದ್ದೆ. ಹಡಗನ್ನು ಮಾತ್ರ ಮುಟ್ಟಿರಲಿಲ್ಲ. ಮಗಳ ಪರೀಕ್ಷೆ ಮುಗಿಯಲಿ ಅಂದುಕೊಂಡೆ. ಅತ್ತೆಯ ಕಾಲು ವಾಸಿಯಾಗಲಿ ಅಂದುಕೊಂಡೆ. ಅತ್ತೆಯೇ ಹೋದ ಮೇಲೆ, ಇವರ ನಿವೃತ್ತಿಯ ಓಡಾಟ ಮುಗಿಯಲಿ ಅಂದುಕೊಂಡೆ. ಕೊನೆಗೆ ಲ್ಯಾಬಿನಲ್ಲಿ ಎರಡು ವಾರ ರಜೆ ಬರೆದುಕೊಟ್ಟು, ಡಬ್ಬಿಯನ್ನು ಕೆಳಗಿಳಿಸಿ, ಧೂಳು ಒರೆಸಿ ಮೇಜಿನ ಮೇಲಿಟ್ಟೆ.

ರಜೆಯ ಮೊದಲ ದಿನ ಬೆಳಿಗ್ಗೆ ಅಂಟು ಮತ್ತು ಬೂದು ಬಣ್ಣ ತರಲು ಹೋದೆ. ಹೋಗಿಬರಲು ಎರಡು ಗಂಟೆ. ಅಷ್ಟೇ.

“ಬಂದ್ಯಾ? ಕಣ್ಣು ಮುಚ್ಕೊಂಡು ಒಳಗ್ ಬಾ,” ಅಂದರು ಇವರು, ಬಾಗಿಲಲ್ಲೇ ನಿಂತು.

“ಯಾಕ್ರೀ?”

“ಮುಚ್ಕೋ ಅಂದ್ರೆ ಮುಚ್ಕೋಬೇಕು. ನಿನ್ನ ಅರ್ಧ ಕೆಲಸ ಮುಗಿಸಿಟ್ಟಿದ್ದೀನಿ.”

ನನ್ನ ಗಂಡ ಮೂವತ್ತನಾಲ್ಕು ವರ್ಷ ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸಿದವರು. ಗೋಡೆಯುದ್ದದ ಗೂಡುಗಳ ಮುಂದೆ ನಿಂತು, ವಿಳಾಸ ಓದಿ, ಯಾವ ಕಾಗದ ಯಾವ ಗೂಡಿಗೆ ಎಂದು ಎಸೆಯುತ್ತಿದ್ದವರು. ಈಗ ಎಸೆಯಲು ಕಾಗದವಿಲ್ಲ. ಮನೆಯಲ್ಲಿ ಚಮಚಗಳು ಉದ್ದದ ಪ್ರಕಾರ ಮಲಗಿವೆ. ನನ್ನ ಮಾತ್ರೆಗಳು ಬಣ್ಣದ ಪ್ರಕಾರ ಕುಳಿತು, ಯಾವುದು ಬಿ.ಪಿ.ಗೆ ಯಾವುದು ಹೊಟ್ಟೆಗೆ ಎಂದು ತಿಳಿಯದೆ ಒಂದು ವಾರ ಪರದಾಡಿದ್ದೂ ಆಯಿತು.

ಕಣ್ಣು ತೆರೆದೆ. ಮೇಜಿನ ಮೇಲೆ ಅವರ ಕಚೇರಿಯಿಂದ ಬಂದ ಬೂದು ಬಣ್ಣದ ಖಾನೆಗಳ ಪೆಟ್ಟಿಗೆ. ಪ್ರತಿ ಖಾನೆಯಲ್ಲೂ ಅದೇ ಬೂದು ಬಣ್ಣದ ಹಡಗಿನ ಚೂರುಗಳು. ಗುಂಡನೆಯವೆಲ್ಲ ಒಂದು ಕಡೆ, ಚಪ್ಪಟೆಯವು ಒಂದು ಕಡೆ, ಕಡ್ಡಿಯಂಥವು ಇನ್ನೊಂದು ಕಡೆ. ಒಂದೊಂದನ್ನೂ ನನ್ನದೇ ಕಟ್ಟರಿನಿಂದ ನಾಜೂಕಾಗಿ ಕತ್ತರಿಸಿದ್ದರು.

“ಇನ್ನೂರ ಎಂಬತ್ತಾರು. ಎರಡು ಸಲ ಎಣಿಸಿದ್ದೀನಿ,” ಅಂದರು.

ಈ ಕೆಲಸ ಗೊತ್ತಿಲ್ಲದವರಿಗೆ ಹೇಳಬೇಕು: ಇಂಥ ಮಾದರಿಗಳ ಚೂರುಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಪ್ರತಿ ಚೂರಿನ ನಂಬರು ಚೂರಿನ ಮೇಲೆ ಇರುವುದಿಲ್ಲ, ಪಕ್ಕದ ಕಡ್ಡಿಯ ಮೇಲಿರುತ್ತದೆ. ಡಬ್ಬಿಯ ಜೊತೆ ಬರುವ ಪುಸ್ತಕದಲ್ಲಿ ‘ಈಗ ಈ ನಂಬರಿನದನ್ನು ಅಂಟಿಸಿ’ ಎಂದು ಓದಿಕೊಂಡು, ಆ ಹೊತ್ತಿಗೆ ಅದೊಂದನ್ನೇ ಕತ್ತರಿಸಬೇಕು.

“ಆ ಚೌಕಟ್ಟೆಲ್ಲಿ?”

“ಆ ಕಡ್ಡಿಗಳಾ? ಕಸದ ಗಾಡಿ ಬಂತು, ಹಾಕ್ಬಿಟ್ಟೆ. ಎಷ್ಟೊಂದು ಕಸ ತುಂಬ್ತಾರೆ ಡಬ್ಬೀಲಿ!”

ನಾನು ಪೆಟ್ಟಿಗೆಯ ಮುಚ್ಚಳವನ್ನು ಎತ್ತಿ ದಢಾರನೆ ಕುಕ್ಕಿದೆ. ಏನೋ ಟಪ್ ಎಂದು ಮುರಿಯಿತು. ಮುರಿದದ್ದು ಏನೆಂದು ನೋಡುವ ತಾಳ್ಮೆ ಯಾರಿಗಿತ್ತು?

“ನಂಬರ್ ಇದ್ದದ್ದು ಆ ಕಡ್ಡಿ ಮೇಲೆ ಕಣ್ರೀ! ಮೂವತ್ತನಾಲ್ಕು ವರ್ಷ ಮಾಡಿದ್ದು ಇದೇನಾ? ಲಕೋಟೆ ಹರಿದು ಬಿಸಾಕಿ ಒಳಗಿನ ಕಾಗದಗಳನ್ನ ಸೈಜ್ ನೋಡಿ ಜೋಡಿಸಿದ್ದೀರಲ್ಲ, ಈಗ ಯಾರ ಕಾಗದ ಯಾರ ಮನೆಗೆ ಕೊಡ್ತೀರಿ?”

ಅದುವರೆಗೆ ನಗುತ್ತಿದ್ದ ಇವರ ಮುಖ ಆಗ ಇಳಿಯಿತು. ಬೇರೆ ಯಾವ ಬೈಗುಳವೂ ಇವರಿಗೆ ಇಷ್ಟು ನಾಟುತ್ತಿರಲಿಲ್ಲ.

ಸಂಜೆ ಆಸ್ಪತ್ರೆಯ ಔಷಧಿ ಕೌಂಟರಿನ ಕೆಲಸ ಮುಗಿಸಿ ಬಂದ ಮಗಳು ಪೆಟ್ಟಿಗೆ ನೋಡಿ ಬಾಯಿ ಮುಚ್ಚಿಕೊಂಡು ನಕ್ಕಳು.

“ಅಪ್ಪ, ನೀನು ಅಮ್ಮನ ಲ್ಯಾಬಿಗೆ ಮಾತ್ರ ಹೋಗ್ಬೇಡ. ಊರವರ ಹಲ್ಲೆಲ್ಲ ಒಂದೇ ಡಬ್ಬೀಗ್ ಹಾಕಿ, ಕೋರೆಹಲ್ಲು ಒಂದ್ ಕಡೆ ದವಡೆಹಲ್ಲು ಒಂದ್ ಕಡೆ ಮಾಡಿಬಿಡ್ತೀಯ.”

“ನಗು, ನಗು. ಸಹಾಯ ಮಾಡೋಣ ಅಂತ ಹೋದೋನಿಗೆ ಇದೇ ಆಗೋದು,” ಅಂದರು ಇವರು.

“ಸಹಾಯ ಕೇಳಿದ್ದು ಯಾರು?” ಅಂದೆ ನಾನು.

ಅಂಗಡಿಯವನಿಗೆ ಫೋನ್ ಮಾಡಿದೆ. “ಎಲ್ಲಾನೂ ಬಿಡಿಸಿಬಿಟ್ರಾ? ಒಂದೂ ಉಳಿಸ್ದೆ?” ಎಂದು ಕೇಳಿ, ಸತ್ತವರ ಮನೆಯವರ ಜೊತೆ ಮಾತಾಡಿದ ಹಾಗೆ ದನಿ ತಗ್ಗಿಸಿದ. ಇನ್ನೊಂದು ಡಬ್ಬಿ ಎಲ್ಲೂ ಸಿಗುವುದಿಲ್ಲ, ಪುಸ್ತಕದ ಮೊದಲ ಪುಟದಲ್ಲಿ ಚೌಕಟ್ಟುಗಳ ಚಿತ್ರ ಇರುತ್ತದೆ, ಅದನ್ನು ನೋಡಿ ಹೊಂದಿಸಬಹುದು, ಆದರೆ ಅದು ತಲೆ ಸರಿ ಇರುವವರು ಮಾಡುವ ಕೆಲಸವಲ್ಲ ಅಂದ.

ಇವರಿಗೆ ಅಷ್ಟು ಸಾಕಾಯಿತು. ಮಾರನೆಯ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ನನ್ನ ಕುರ್ಚಿಯಲ್ಲಿ, ನನ್ನ ದೀಪದ ಕೆಳಗೆ, ನನ್ನ ಭೂತಗನ್ನಡಿ ಹಿಡಿದು ಕುಳಿತಿದ್ದರು. “ಅರ್ಧಂಬರ್ಧ ವಿಳಾಸದ ಕಾಗದಾನೆಲ್ಲ ನನ್ನ ಹತ್ರಾನೇ ಕಳಿಸ್ತಿದ್ರು. ಒಂದೂ ವಾಪಸ್ ಹೋಗಿಲ್ಲ. ನೀನು ಸುಮ್ನೆ ನೋಡ್ತಿರು.”

ನೋಡುತ್ತಿದ್ದೆ. ರಜೆಯ ನಾಲ್ಕು ದಿನ ಸುಮ್ಮನೆ ನೋಡುತ್ತಿದ್ದೆ. “ಲೇ, ಇದು ಏಣಿ ಅಲ್ವೇನೇ?” ಎಂದು ಕೂಗಿದಾಗ ಬಂದು ನೋಡಿದೆ. “ಅರೆ, ಚಿಮಣಿ ಒಳಗಡೆ ಇನ್ನೊಂದು ಚಿಮಣಿ ಇದೆ ಕಣೇ!” ಎಂದಾಗ ಒಲೆ ಆರಿಸಿ ಬಂದು ನೋಡಿದೆ. ಇವರು ಮಾಡಿದ ಎಡವಟ್ಟನ್ನು ಇವರೇ ಸರಿಮಾಡುತ್ತಿದ್ದಾರೆ, ಇನ್ನೇನು ಬೇಕು ಎಂದು ಯಾರಾದರೂ ಕೇಳಿಯಾರು. ಮಗಳೂ ಕೇಳಿದಳು. ಮದುವೆಯಾದಾಗಿನಿಂದ ಈ ಮನೆಯಲ್ಲಿ ನಾನೇ ಮೊದಲು ತೆರೆದದ್ದು ಅಂತ ಒಂದು ವಸ್ತುವಿಲ್ಲ. ಪೇಪರು ಮಡಿಕೆ ಕೆಟ್ಟ ಮೇಲೆ ನನ್ನ ಕೈಗೆ ಬರುತ್ತದೆ. ನನ್ನ ಹೆಸರಿಗೆ ಬಂದ ಕಾಗದವನ್ನೂ, ಅಂಚೆಯವರ ಮನೆಯಲ್ಲವೇ, ಇವರೇ ಒಡೆದು ಓದಿ ಕೊಡುತ್ತಾರೆ. ಇದೊಂದು ಡಬ್ಬಿಯನ್ನು ಎಂಟು ವರ್ಷ ಮುಚ್ಚಿಟ್ಟಿದ್ದೆ. ಅದರೊಳಗಿನ ಏಣಿ, ಅದರ ಚಿಮಣಿ, ಚಿಮಣಿಯೊಳಗಿನ ಚಿಮಣಿ, ಎಲ್ಲವನ್ನೂ ನನಗಿಂತ ಮೊದಲು ಇವರು ನೋಡಿದರು. ನೋಡಿದ್ದಲ್ಲದೆ ನನ್ನನ್ನೇ ಕರೆದು ತೋರಿಸಿದರು.

ಆರನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಕರೆದರು. ಹಳೆಯ ಕ್ಯಾಲೆಂಡರಿನ ಕಾಗದ ಕತ್ತರಿಸಿ ಬೆರಳಗಲದಿಂದ ಮೊಳದುದ್ದದವರೆಗೆ ಲಕೋಟೆಗಳನ್ನು ಮಾಡಿದ್ದರು. ಇನ್ನೂರ ಎಂಬತ್ತು ಲಕೋಟೆ, ಪ್ರತಿಯೊಂದರ ಮೇಲೂ ಚೌಕಟ್ಟನ್ನು ಗುರುತಿಸುವ ಅಕ್ಷರ, ಚೂರಿನ ನಂಬರು, ಪುಸ್ತಕದ ಕ್ರಮದಲ್ಲಿ ಸಾಲಾಗಿ ನಿಂತಿದ್ದವು. ನನ್ನ ಕೋಪ ಅರ್ಧ ಇಳಿಯಿತು.

“ಆರು ಮಾತ್ರ ಪತ್ತೆಯಾಗಿಲ್ಲ. ಅದೂ ಆಗುತ್ತೆ,” ಅಂದರು.

ಒಂದು ಲಕೋಟೆ ಬಿಚ್ಚಿ ಚೂರನ್ನು ಅಂಗೈ ಮೇಲೆ ಸುರಿದುಕೊಂಡೆ. ಹಡಗಿನ ಮೇಲಟ್ಟದ ಒಂದು ಬಾಗಿಲು. ಅದರ ಮುಖದ ಮೇಲೆ ಕೆಂಪು ಇಂಕಿನಲ್ಲಿ, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ನಂಬರು. ಇನ್ನೊಂದು ಬಿಚ್ಚಿದೆ. ಅದರ ಮೇಲೂ ಇತ್ತು.

“ಇದೇನಿದು?”

“ನೀನೇ ಹೇಳಿದ್ಯಲ್ಲ, ಲಕೋಟೆ ಹೋದ್ರೆ ವಿಳಾಸ ಹೋಯ್ತು ಅಂತ. ಅದಕ್ಕೇ ಒಳಗೂ ಬರೆದೆ. ನೀರಿಗೂ ಹೋಗಲ್ಲ ಆ ಇಂಕು, ಪಾರ್ಸೆಲ್ ಮೇಲೆ ಬರೀತಿದ್ವಲ್ಲ, ಅದು.”

ನೀರಿಗೆ ಹೋಗದ ಕೆಂಪು ಇಂಕು. ಅದರ ಮೇಲೆ ಯಾವ ಬಣ್ಣ ಹಚ್ಚಿದರೂ ಒಣಗುವಷ್ಟರಲ್ಲಿ ತಳದಿಂದ ಮೇಲಕ್ಕೆ ಇಣುಕುತ್ತದೆ. ಬಿಳಿ ಬಾಗಿಲಿನ ಮೇಲೆ ಗುಲಾಬಿ ಹದಿನೇಳು. ಬೂದು ಚಿಮಣಿಯ ಮೇಲೆ ಗುಲಾಬಿ ನಲವತ್ತು. ನಾನು ಹಲ್ಲು ಕಚ್ಚಿ ಹತ್ತರವರೆಗೆ ಎಣಿಸಿದೆ. ಇಪ್ಪತ್ತರವರೆಗೆ ಎಣಿಸಿದೆ.

“ಏಳಿ,” ಅಂದೆ.

“ಏನು?”

“ನನ್ನ ಕುರ್ಚಿಯಿಂದ ಏಳಿ. ಈ ಕೋಣೆಯಿಂದ ಹೊರಗೆ ಹೋಗಿ. ನಾನು ಕರೆಯೋವರೆಗೂ ಬರಬೇಡಿ. ಏಣಿ ಸಿಕ್ರೂ ಬರಬೇಡಿ, ಮನೆಗೆ ಬೆಂಕಿ ಬಿದ್ರೂ ಬರಬೇಡಿ.”

“ಬೆಂಕಿ ಬಿದ್ರೆ ಹೇಗೇ...”

“ಹೋಗಿ ಅಂದೆ!”

ಇವರು ಆ ಆರು ಚೂರುಗಳಿದ್ದ ಬಟ್ಟಲನ್ನು ಎದೆಗವಚಿಕೊಂಡು ಹೊರಗೆ ಹೋದರು. ಬಾಗಿಲು ಮುಚ್ಚಿದೆ. ಆ ಕೋಣೆಯ ಚಿಲಕವನ್ನು ಯಾರೂ ಎಂದೂ ಹಾಕಿದ್ದಿಲ್ಲ. ಮನೆಗೆ ಬಣ್ಣ ಬಳಿದಾಗ ಅದನ್ನೂ ಸೇರಿಸಿ ಬಳಿದಿದ್ದರು. ಇಕ್ಕಳದ ಹಿಡಿಯಿಂದ ನಾಲ್ಕು ಬಾರಿ ಕುಟ್ಟಿದ ಮೇಲೆ ಚಿಲಕ ಕಿರ್ರೆಂದು ಜರುಗಿ ಬಿತ್ತು. ಇಡೀ ಮನೆಗೆ ಕೇಳಿಸಿರಬೇಕು. ಕೇಳಿಸಲಿ.

ಇಂಕನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ, ಮುಕ್ಕಾಲು ಹೋಯಿತು. ಉಳಿದದ್ದಕ್ಕೆ ಲ್ಯಾಬಿನ ಬುದ್ಧಿ ಉಪಯೋಗಿಸಿದೆ. ಲೋಹದ ಮೇಲೆ ಹಲ್ಲು ಕಟ್ಟುವಾಗ ಲೋಹದ ಕಪ್ಪು ಇಣುಕದಂತೆ ಮೊದಲು ಒಂದು ದಟ್ಟ ಲೇಪ ಕೊಡುತ್ತೇವೆ. ಇಲ್ಲೂ ಹಾಗೆಯೇ ಬೆಳ್ಳಿ ಬಣ್ಣದ ಒಂದು ಕೈ ಕೊಟ್ಟು, ಒಣಗಿಸಿ, ಅದರ ಮೇಲೆ ಬಿಳಿ ಹಚ್ಚಿದೆ. ಹದಿನೇಳು ಅಡಗಿತು. ಹಡಗಿನ ಹೊಟ್ಟೆಯ ಎರಡು ಹೋಳನ್ನು ಅಂಟಿಸಿ, ರಬ್ಬರ್ ಬ್ಯಾಂಡ್ ಸುತ್ತಿ, ಕೈ ಕಟ್ಟಿ ಕುಳಿತೆ. ಹೊರಗೆ ಕುಕ್ಕರ್ ಕೂಗಿತು, ಮಗಳು ಆರಿಸಿದಳು. ಯಾರೂ ನನ್ನನ್ನು ಕೇಳಲಿಲ್ಲ. ಅಂಟು ಒಣಗುವ ಆ ಅರ್ಧ ಗಂಟೆ ಎಷ್ಟು ಉದ್ದವಾಗಿತ್ತೆಂದರೆ, ನನಗೆ ಅದನ್ನು ಹೇಗೆ ಖರ್ಚು ಮಾಡಬೇಕೆಂದೇ ತಿಳಿಯಲಿಲ್ಲ.

ಎಂಟನೆಯ ದಿನ ಬಾಗಿಲ ಕೆಳಗೆ ಸರಸರ ಸದ್ದಾಯಿತು. ಒಂದು ಪುಟ್ಟ ಲಕೋಟೆ ಒಳಗೆ ಜಾರಿ ಬಂತು. ಒಳಗೆ ಚೂರು, ಜೊತೆಗೆ ಚೀಟಿ: ‘ಏಣಿಯ ಕೆಳಗಿನ ಕೊಕ್ಕೆ. ಎಡಗಡೆಯದು. ಚೂರಿನ ಮೇಲೆ ಬರೆದಿಲ್ಲ.’ ಸಂಜೆ ಇನ್ನೊಂದು ಬಂತು. ದಿನಕ್ಕೆ ಒಂದೋ ಎರಡೋ, ತಟ್ಟದೆ, ಕರೆಯದೆ ಬರುತ್ತಿದ್ದವು. ಹೊರಗೆ ಹೆಜ್ಜೆಗಳು ತುಸು ಹೊತ್ತು ನಿಂತು, ನಿಟ್ಟುಸಿರು ಬಿಟ್ಟು, ಹೋಗುತ್ತಿದ್ದವು. ಆ ನಿಟ್ಟುಸಿರು ನನಗೆ ಕೇಳಲೆಂದೇ ಬಿಟ್ಟದ್ದು, ಅದೂ ಗೊತ್ತಿತ್ತು.

ಹತ್ತನೆಯ ದಿನದ ಹೊತ್ತಿಗೆ ಐದು ಬಂದಿದ್ದವು. ಒಂದು ಉಳಿಯಿತು. ಪುಸ್ತಕದಲ್ಲೂ ಒಂದೇ ನಂಬರು ಖಾಲಿ: ಹೂಳು ಬಾಚುವ ಬಕೆಟ್ಟುಗಳನ್ನು ಎತ್ತುವ ಸರಪಳಿಯ ತುದಿಯ ಕೊಂಡಿ. ಊಟಕ್ಕೆ ಕುಳಿತಾಗ ಇವರು ತಟ್ಟೆಯ ಪಕ್ಕದಲ್ಲಿ ಆ ಚೂರು ಇಟ್ಟುಕೊಂಡಿದ್ದರು.

“ಕೊಂಡಿ ಥರ ಇಲ್ಲವೇ ಇಲ್ಲ ಇದು. ಆದ್ರೆ ಲೆಕ್ಕ ಸರಿ ಇದೆ, ಇನ್ನೂರ ಎಂಬತ್ತಾರು. ಎಲ್ಲಿಗೋ ಸೇರಲೇಬೇಕು.”

“ಅಪ್ಪ, ಅನ್ನ ಕಲಸ್ಕೊ. ಅದನ್ನ ಕಲಸ್ಕೋಬೇಡ,” ಅಂದಳು ಮಗಳು.

ಹನ್ನೆರಡನೆಯ ದಿನ ಬೆಳಿಗ್ಗೆ ನನ್ನ ಚಪ್ಪಲಿ ನೆಲಕ್ಕೆ ಕಿರುಗುಟ್ಟಿತು. ತಿರುಗಿಸಿ ನೋಡಿದರೆ ಅಟ್ಟೆಯ ಸೀಳಿನಲ್ಲಿ ಕೊಂಡಿ. ಮೊದಲ ದಿನದಿಂದ ಅದನ್ನು ನಾನೇ ತುಳಿದುಕೊಂಡು ಮನೆಯೆಲ್ಲ ಓಡಾಡಿದ್ದೆ. ಚಿಮಟದಿಂದ ಬಿಡಿಸಿ ತೊಳೆದೆ, ಒಂದಿಷ್ಟೂ ಮುರಿದಿರಲಿಲ್ಲ.

ಅಷ್ಟರಲ್ಲಿ ಬಾಗಿಲ ಕೆಳಗೆ ಸರಸರ ಎಂದಿತು. ಆರನೆಯ ಲಕೋಟೆ. ಚೀಟಿಯಲ್ಲಿ ಬರೆದಿದ್ದರು: ‘ವಿಳಾಸದಾರರು ಪತ್ತೆಯಾಗಿಲ್ಲ. ಕ್ಷಮಿಸು.’

ಚೂರನ್ನು ದೀಪಕ್ಕೆ ಹಿಡಿದೆ. ಅದೇ ಬೂದು ಬಣ್ಣ, ಒಂದು ಬದಿಯಲ್ಲಿ ಮುರಿದ ಗುರುತು. ಮೇಜಿನ ಮೂಲೆಯಲ್ಲಿ ಇವರ ಖಾನೆಗಳ ಪೆಟ್ಟಿಗೆ ಇನ್ನೂ ಅಲ್ಲೇ ಬಿದ್ದಿತ್ತು, ಮುಚ್ಚಳ ಸೊಟ್ಟಗೆ. ಚೂರನ್ನು ಒಯ್ದು ಮುಚ್ಚಳದ ಕೀಲಿಗೆ ಹಿಡಿದು ನೋಡಿದೆ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಮೊದಲ ದಿನ ನಾನು ಕುಕ್ಕಿದಾಗ ಟಪ್ ಎಂದದ್ದು ಇದೇ. ಕೊಂಡಿ ಹಾರಿಬಿದ್ದದ್ದೂ ಆಗಲೇ ಇರಬೇಕು.

“ಏನೇ, ಗೊತ್ತಾಯ್ತಾ ಎಲ್ಲಿಂದು ಅಂತ?” ಬಾಗಿಲಾಚೆಯಿಂದ ಇವರ ದನಿ. ಆರು ದಿನದಲ್ಲಿ ಬಾಗಿಲಾಚೆಯಿಂದ ಆಡಿದ ಮೊದಲ ಮಾತು.

ನಾನು ಬಲಗೈಯಲ್ಲಿದ್ದ ಕೊಂಡಿಯನ್ನೂ ಎಡಗೈಯಲ್ಲಿದ್ದ ಮುರುಕನ್ನೂ ನೋಡಿದೆ. ಬಕೆಟ್ಟುಗಳಿಗೆ ತುಕ್ಕಿನ ಬಣ್ಣ ಬಾಕಿ ಇತ್ತು. ಕಿಟಕಿಗಳ ಅಂಚು ಬಾಕಿ ಇತ್ತು.

“ಇಲ್ಲ ಕಣ್ರೀ,” ಅಂದೆ, ಮುರುಕನ್ನು ಲಕೋಟೆಗೆ ಹಾಕಿ ಬಾಗಿಲ ಕೆಳಗೆ ಹೊರಕ್ಕೆ ತಳ್ಳುತ್ತ. “ಇದಿಲ್ದೆ ಹೋದ್ರೆ ಮುಂದೆ ಹೋಗೋ ಹಾಗೇ ಇಲ್ಲ. ಇನ್ನೊಂದ್ಸಲ ಸರಿಯಾಗಿ ನೋಡಿ.”

“ನೋಡ್ತೀನಿ, ನೋಡ್ತೀನಿ. ನೀನು ತಲೆ ಕೆಡಿಸ್ಕೋಬೇಡ.”

ಹೆಜ್ಜೆಗಳು ಲಗುಬಗೆಯಿಂದ ದೂರವಾದವು. ಕೊಂಡಿಗೆ ಸೂಜಿಮೊನೆಯಷ್ಟು ಅಂಟು ಮುಟ್ಟಿಸಿ ಸರಪಳಿಯ ತುದಿಗೆ ಹಿಡಿದೆ. ನನ್ನ ರಜೆ ಇನ್ನೂ ಎರಡು ದಿನ ಇತ್ತು.