ಎರಡು ನಲವತ್ತರ ಅಲಾರಂ

"ಇನ್ನೆರಡು ಕುರ್ಚಿ ಎಲ್ಲಿ ಹೋದ್ವೇ?" ಎನ್ನುತ್ತ ದೊಡ್ಡಮ್ಮ ಊಟದ ಮೇಜಿನ ಕುರ್ಚಿಗಳನ್ನು ಹಾಲಿಗೆ ಎಳೆದು ತರುತ್ತಿದ್ದಾಗ ಒಳಕೋಣೆಯಲ್ಲಿ ಅಲಾರಂ ಬಡಿದುಕೊಳ್ಳತೊಡಗಿತು. ಬಂದವರೆಲ್ಲ ಬೆಚ್ಚಿಬಿದ್ದರು. ಹಾಲಿನ ನಡುವೆ ಮಲಗಿಸಿದ್ದವಳೊಬ್ಬಳು ಮಾತ್ರ ಕದಲಲಿಲ್ಲ.

ಮಗಳು ಓಡಿಹೋಗಿ ಗಡಿಯಾರದ ತಲೆ ಒತ್ತಿದಳು. ಎರಡು ನಲವತ್ತು.

"ಊರನ್ನೆಲ್ಲ ಎಬ್ಬಿಸಿದೋಳು, ಹೋಗೋ ದಿನಾನೂ ಬಿಡ್ಲಿಲ್ಲ ನೋಡು ನನ್ನ ತಂಗಿ!" ದೊಡ್ಡಮ್ಮ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಮಟಮಟ ಮಧ್ಯಾಹ್ನಕ್ಕೆ ಯಾಕೆ ಇಟ್ಟಿದ್ಳೋ."

"ಮಧ್ಯಾಹ್ನಕ್ಕಲ್ಲ ದೊಡ್ಡಮ್ಮ, ರಾತ್ರಿಗೆ. ಇವತ್ತು ಚಂದ್ರಗ್ರಹಣ."

ಕೀಲಿ ಕೊಡುವ ಆ ಹಳೇ ಗಡಿಯಾರಕ್ಕೆ ಹಗಲೂ ಒಂದೇ, ಇರುಳೂ ಒಂದೇ. ಬೆಳಿಗ್ಗೆ ಆರಕ್ಕೆ ಅಮ್ಮ ಕೀಲಿ ಕೊಟ್ಟಿದ್ದಳು. ಎಂಟಕ್ಕೆ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ.

"ನಾನೇ ಎಬ್ಬಿಸ್ತೀನಿ ಅಂದಿದ್ದೆ," ಮಗಳು ಗಡಿಯಾರವನ್ನು ಮಡಿಲಿಗಿಟ್ಟುಕೊಂಡಳು. "ನನ್ನ ನಂಬಲಿಲ್ಲ ಅವಳು."

ಯಾಕೆ ನಂಬಬೇಕು? ಮೂರು ವರ್ಷದ ಹಿಂದಿನ ಗ್ರಹಣಕ್ಕೂ ಹಾಗೇ ಅಂದಿದ್ದಳು. ಆ ರಾತ್ರಿ ಎದ್ದು ಬಂದು ನೋಡಿದರೆ ಅಮ್ಮನಿಗೆ ಗಾಢ ನಿದ್ದೆ. ಪಾಪ, ಮಲಗಲಿ ಎಂದು ಹೊದಿಕೆ ಸರಿಮಾಡಿ ಹೋಗಿದ್ದಳು. ಬೆಳಿಗ್ಗೆ ಅಮ್ಮ, "ನಾನು ಒಬ್ರಿಗೂ ಹೀಗೆ ಮಾಡಿರಲಿಲ್ಲ," ಎಂದಷ್ಟೇ ಹೇಳಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

*

ಒಂದು ಕಾಲಕ್ಕೆ ಅಮ್ಮನದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾತ್ರಿಪಾಳಿ. ಏಳಬೇಕಾದ ಹೊತ್ತನ್ನು ಬರೆಸಿದವರಿಗೆ ಫೋನು ಮಾಡಿ ಎಬ್ಬಿಸುವ ಕೆಲಸ. ಹೂಂ ಎಂದು ಮತ್ತೆ ಮಗ್ಗುಲು ಬದಲಿಸುವವರನ್ನು ಅವಳು ಚೆನ್ನಾಗಿ ಬಲ್ಲಳು. ಅದಕ್ಕೇ "ಕಾಲು ನೆಲಕ್ಕಿಟ್ರಾ?" ಎಂದು ಕೇಳಿ, "ಇಟ್ಟೆ" ಅನ್ನಿಸದೆ ಲೈನು ಬಿಡುತ್ತಿರಲಿಲ್ಲ.

ಒಂದು ಗ್ರಹಣದ ರಾತ್ರಿ ಮೂವತ್ತೊಂದು ಜನ ಬರೆಸಿದ್ದರು. ಅಷ್ಟೂ ಜನರನ್ನು ಎಬ್ಬಿಸಿ ಚಂದ್ರನ ಕಡೆ ಕಳಿಸಿದಳು. ಅವಳು ಕೂತ ಕೋಣೆಗೆ ಕಿಟಕಿಯೇ ಇರಲಿಲ್ಲ. ಕೊನೆಯ ಫೋನು ಬೇಕರಿಯವನಿಗೆ. ಹಿಟ್ಟು ನಾದಲು ದಿನವೂ ಮೂರಕ್ಕೆ ಏಳುವವನು.

"ಒಂಚೂರು ಕಿಟಕಿ ತೆಗೀರಿ," ಅಂದಳು. "ಹೇಗಿದೆ ಹೇಳಿ."

"ಯಾರೋ ಕಚ್ಚಿಟ್ಟ ಬನ್ನಿನ ಹಾಗಿದೆ… ಈಗ ಕೆಂಪಾಗ್ತಿದೆ. ಒಲೇಲಿ ಮರೆತು ಬಿಟ್ಟ ಹಾಗೆ."

"ಇನ್ನೂ ಹೇಳಿ."

ಅಷ್ಟರಲ್ಲಿ ಮೇಲ್ವಿಚಾರಕ ಬಂದ. ಲೈನು ಬಿಡಲೇಬೇಕಾಯಿತು. ಅಮ್ಮ ಕಂಡ ಗ್ರಹಣ ಅದೊಂದೇ. ಆಮೇಲಿನವು ಕೆಲವು ಪಾಳಿಯ ಪಾಲಾದವು, ಕೆಲವು ಮೋಡದ ಪಾಲಾದವು.

*

ಮೂರೂವರೆಗೆ ಒಬ್ಬ ಮುದುಕ ಕೋಲೂರಿಕೊಂಡು ಬಂದು ಅಮ್ಮನ ಮುಖಕ್ಕೆ ತೀರಾ ಹತ್ತಿರ ಬಗ್ಗಿದ.

"ನೀವು ಯಾರು ತಾತ?" ಮಗಳು ಕೇಳಿದಳು.

"ಬೇಕರಿಯವನಮ್ಮ. ಹತ್ತೊಂಬತ್ತು ವರ್ಷ ನನ್ನ ಎಬ್ಬಿಸಿದ್ದು ಇವರೇ. ಮುಖ ಇವತ್ತೇ ನೋಡ್ತಿರೋದು. ಅದಕ್ಕೂ ಕಣ್ಣು ಮಂಜು."

ಅವಳು ಅವನಿಗೆ ಅಲಾರಂ ವಿಷಯ ಹೇಳಿದಳು. ಹೊದಿಕೆ ಸರಿಮಾಡಿದ ರಾತ್ರಿಯ ಬಗ್ಗೆಯೂ ಹೇಳಿ ಅತ್ತುಬಿಟ್ಟಳು. ಮುದುಕ ಕೋಲನ್ನು ಗೋಡೆಗೊರಗಿಸಿ ಜೇಬಿನಿಂದ ಮೊಬೈಲು ತೆಗೆದ.

"ಇವತ್ತು ನಿನ್ನ ನಾನು ಎಬ್ಬಿಸ್ತೀನಿ. ನಂಬರು ಕೊಡು ಮಗಳೇ."

ನಾಲ್ಕು ಗಂಟೆಗೆ ಅಮ್ಮನನ್ನು ಹೊತ್ತುಕೊಂಡು ಹೋದರು.

*

ಎರಡು ನಲವತ್ತಕ್ಕೆ ಮೊಬೈಲು ಹೊಡೆದುಕೊಂಡಿತು.

"ಕಾಲು ನೆಲಕ್ಕಿಟ್ಯಾ?"

ಅಮ್ಮನ ಮಂಚದಲ್ಲೇ ಮಲಗಿದ್ದವಳು ಎರಡೂ ಕಾಲುಗಳನ್ನು ತಣ್ಣನೆಯ ನೆಲಕ್ಕಿಟ್ಟಳು. "ಇಟ್ಟೆ ತಾತ."

"ಹಾಗಾದ್ರೆ ಮೇಲೆ ಹೋಗಿ ನೋಡಿ ಹೇಳು. ನಂಗೀಗ ಚಂದ್ರನೂ ಬೀದಿ ದೀಪವೂ ಒಂದೇ."

ಮೆಟ್ಟಿಲು ಹತ್ತಿ ತಾರಸಿಯ ಬಾಗಿಲು ತೆಗೆದಳು. ತಲೆ ಎತ್ತುವ ಮೊದಲೇ ಹೆಜ್ಜೆ ನಿಂತುಹೋಯಿತು.

"ಹೇಗಿದೆ ಮಗಳೇ?" ಮುದುಕ ಕೇಳುತ್ತಿದ್ದ. "ಹೇಳು, ಹೇಗಿದೆ?"

ಊಟದ ಮೇಜಿನ ಎರಡು ಕುರ್ಚಿಗಳು ಚಂದ್ರನ ಕಡೆ ಮುಖಮಾಡಿ ಅಕ್ಕಪಕ್ಕ ಕಾದಿದ್ದವು. ಒಂದರ ಮೇಲೆ ಅಮ್ಮನ ಕನ್ನಡಕದ ಡಬ್ಬಿ. ಇನ್ನೊಂದರ ಬೆನ್ನಿಗೆ, ಚಳಿಯಾದೀತೆಂದು ಹಾಕಿಟ್ಟ ಮಗಳ ಹಸಿರು ಶಾಲು.